ಮೂಗೂರಿ ಇಳಿದ ಪುಟ್ಟ ಜೆಟ್: ಬಳ್ಳಾರಿಯ ತರಗತಿಯಲ್ಲೊಂದು ಪ್ರಕರಣ ಅಧ್ಯಯನ

2023ರ ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಪ್ರೀಮಿಯರ್ 1ಎ ಮಾದರಿಯ ಪುಟ್ಟ ಜೆಟ್ ಒಂದು ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಹೊರಟಿತು. ನಕ್ಷೆಯ ಮೇಲೆ ಗೆರೆ ಎಳೆದರೆ ಮೂವತ್ತು ಕಿಲೋಮೀಟರ್ ಕೂಡ ಆಗದ ದೂರ. ಒಳಗಿದ್ದವರು ಇಬ್ಬರು ಪೈಲಟ್‌ಗಳು ಮಾತ್ರ, ಪ್ರಯಾಣಿಕರು ಯಾರೂ ಇರಲಿಲ್ಲ. ನೆಲ ಬಿಟ್ಟ ಮೇಲೆ ಮುಂಚಕ್ರ ಕೈಕೊಟ್ಟಿತು. ವಿಮಾನ ದೇವನಹಳ್ಳಿಗೆ ಹೋಗದೆ ಎಚ್‌ಎಎಲ್‌ಗೇ ಹಿಂದಿರುಗಿತು. ಹಿಂದಿನ ಎರಡು ಚಕ್ರಗಳ ಮೇಲೆ ಇಳಿದು, ಕೊನೆಗೆ ಮೂಗನ್ನು ರನ್‌ವೇಗೆ ಊರಿ ನಿಂತಿತು. ಇಬ್ಬರೂ ಸುರಕ್ಷಿತ.

ಇಂಥ ಸುದ್ದಿಗೆ ನಮ್ಮಲ್ಲಿ ಕಾಯಂ ಶೀರ್ಷಿಕೆಯೊಂದು ಅಚ್ಚಾಗಿ ಕುಳಿತಿದೆ: ‘ಪವಾಡಸದೃಶ ಪಾರು’. ನನಗೆ ಆ ಶೀರ್ಷಿಕೆಯ ಮೇಲೆ ಸಿಟ್ಟಿದೆ. ನಾನು ಬಳ್ಳಾರಿಯಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಹೈಡ್ರಾಲಿಕ್ಸ್, ಅಂದರೆ ಎಣ್ಣೆಯ ಒತ್ತಡದಿಂದ ಯಂತ್ರ ನಡೆಸುವ ವಿದ್ಯೆ, ಕಲಿಸುವವನು. ಸಂಡೂರು, ಕುರುಗೋಡು, ಸಿರುಗುಪ್ಪ, ಕಂಪ್ಲಿ ಕಡೆಯಿಂದ ಬರುವ ಹುಡುಗರು. ಓದು ಮುಗಿಸಿ ಬಹುಪಾಲು ಜನ ಗಣಿಗೋ ಉಕ್ಕಿನ ಕಾರ್ಖಾನೆಗೋ ಸೇರುತ್ತಾರೆ. ಕೆಟ್ಟ ಯಂತ್ರವೊಂದು ಯಾರಿಗೂ ಗಾಯವಾಗದಂತೆ ನೆಲ ಸೇರಿದ್ದನ್ನು ಪವಾಡ ಎಂದು ಇವರಿಗೆ ಹೇಳಿದರೆ ನಾಳೆ ಗಣಿಯಲ್ಲಿಯೂ ಪವಾಡಕ್ಕೇ ಕಾಯುತ್ತಾರೆ. ಆದ್ದರಿಂದ ಈ ಪ್ರಕರಣವನ್ನು ತರಗತಿಗೆ ತಂದೆ. ಟಿಪ್ಪರ್, ಲೋಡರ್‌ಗಳ ಹೈಡ್ರಾಲಿಕ್ ಕೆಲಸದಲ್ಲೇ ಕೂದಲು ಹಣ್ಣಾದ ಮೇಸ್ತ್ರಿಯೊಬ್ಬರನ್ನೂ ಕರೆದು ಕೂರಿಸಿದೆ. ಅವರು ವಿಮಾನ ಹತ್ತಿದವರಲ್ಲ. ತೋರಣಗಲ್ಲಿನಲ್ಲಿ ಇಳಿಯುವ ವಿಮಾನಗಳನ್ನು ಬೇಲಿಯಾಚೆಯಿಂದ ಕಂಡವರು.

ಎರಡು ಮಾತು, ಒಂದು ಒಗಟು

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಅಂದು ಹೇಳಿದ್ದರ ಸಾರ ಎರಡೇ ಮಾತು. ಮೊದಲನೆಯದು, ಟೇಕ್ ಆಫ್ ಆದ ಮೇಲೆ ಮುಂಚಕ್ರವನ್ನು ಮಡಚಲು ಆಗಲಿಲ್ಲ, ಆದ್ದರಿಂದ ವಿಮಾನ ಹಿಂದಿರುಗಿತು. ಎರಡನೆಯದು, ಮುಂಚಕ್ರ ಮೇಲೆ ಇದ್ದ ಸ್ಥಿತಿಯಲ್ಲೇ ವಿಮಾನ ಇಳಿಯಿತು.

ಬೋರ್ಡಿನ ಮೇಲೆ ಇವೆರಡನ್ನೂ ಬರೆದು ಸುಮ್ಮನೆ ನಿಂತೆ. ಸಿರುಗುಪ್ಪದ ಹುಡುಗಿಯೊಬ್ಬಳು ಎದ್ದಳು. “ಸರ್, ಮಡಚಲು ಆಗಲಿಲ್ಲ ಎಂದರೆ ಚಕ್ರ ಇಳಿದೇ ಇತ್ತು ಎಂದಾಯಿತಲ್ಲ. ಇಳಿದಿದ್ದ ಚಕ್ರದ ಮೇಲೆ ಇಳಿಯುವುದಕ್ಕೆ ಏನು ಕಷ್ಟ? ಅದು ಮೇಲೆ ಹೇಗೆ ಹೋಯಿತು?”

ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಈ ಪ್ರಶ್ನೆಯಲ್ಲೇ ಇದೆ. ಸುದ್ದಿ ಓದಿದ ಬಹಳಷ್ಟು ಮಂದಿ ಇದನ್ನು ಗಮನಿಸಿಯೇ ಇರಲಿಕ್ಕಿಲ್ಲ.

ಉತ್ತರ ಬಂದದ್ದು ಮೇಸ್ತ್ರಿಯಿಂದ. “ಕೆಳಗಿನ ಕೊಂಡಿ ಬಿಟ್ಟಿದೆ, ಮೇಲಿನ ಕೊಂಡಿ ಹಿಡಿದಿಲ್ಲ. ಅಷ್ಟೇ ತಂಗೀ.”

ಅವರ ಮಾತನ್ನು ಪಠ್ಯದ ಭಾಷೆಗೆ ಹೊಂದಿಸಿ ವಿವರಿಸುವುದು ನನ್ನ ಪಾಲಿಗೆ ಬಂತು. ಚಕ್ರದ ಕಾಲನ್ನು ಇಳಿದ ಸ್ಥಿತಿಯಲ್ಲಿ ಹಿಡಿದಿಡುವುದು ಎಣ್ಣೆಯ ಒತ್ತಡ ಎಂದು ಹಲವರು ತಿಳಿದಿದ್ದಾರೆ. ಒತ್ತಡದ ಕೆಲಸ ಚಕ್ರವನ್ನು ಅಲ್ಲಿಗೆ ತಲುಪಿಸುವುದು. ಹಿಡಿದಿಡುವುದು ಲೋಹದ ಬೀಗ. ಬಹಳಷ್ಟು ವಿಮಾನಗಳಲ್ಲಿ ಕಾಲಿಗೆ ಆನಿಸಿದ ಒಂದು ಊರುದಂಡ ಇರುತ್ತದೆ, ಅದರ ನಡುವೆ ಒಂದು ಕೀಲು. ಕಾಲು ಪೂರ್ತಿ ಇಳಿದಾಗ ಆ ಕೀಲು ನೇರಗೆರೆಯನ್ನು ತುಸು ದಾಟಿ ಆಚೆಗೆ ನಿಲ್ಲುತ್ತದೆ. ದಾಟಿದ ಮೇಲೆ ಭಾರ ಬಿದ್ದಷ್ಟೂ ಬಿಗಿಯುತ್ತದೆ. ದಾಟದೆ ಒಂದು ಬೆರಳಿನಷ್ಟು ಈಚೆಗೆ ನಿಂತರೆ ಅದೇ ಭಾರಕ್ಕೆ ಮಡಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದವನಿಗೆ ಎರಡೂ ಒಂದೇ ಥರ ಕಾಣುತ್ತವೆ.

ಮಡಚುವಾಗ ಕೆಲಸ ಹಂತ ಹಂತವಾಗಿ ಆಗುತ್ತದೆ. ಮೊದಲು ಕೆಳಗಿನ ಬೀಗ ಬಿಡಬೇಕು, ಆಮೇಲೆ ಕಾಲು ಗೂಡಿನೊಳಕ್ಕೆ ಏರಬೇಕು, ಮೇಲೆ ಕೊಕ್ಕೆ ಹಿಡಿಯಬೇಕು, ಬಾಗಿಲು ಮುಚ್ಚಬೇಕು. ಕಾಕ್‌ಪಿಟ್‌ನಲ್ಲಿ ಮೂರು ಚಕ್ರಗಳಿಗೆ ಮೂರು ದೀಪ. ಇಳಿದು ಬೀಗ ಬಿದ್ದಿದ್ದರೆ ಹಸಿರು, ಮೇಲೇರಿ ಬೀಗ ಬಿದ್ದಿದ್ದರೆ ದೀಪವೇ ಇಲ್ಲ, ನಡುವೆ ಎಲ್ಲೇ ಇದ್ದರೂ ಕೆಂಪು. ಡಿಜಿಸಿಎ ಹೇಳಿದ ಎರಡು ಮಾತೂ ಒಟ್ಟಿಗೆ ನಿಜವಾಗಬೇಕಾದರೆ ಮುಂಚಕ್ರ ಆ ಕೆಂಪು ದೀಪದ ಸೀಮೆಯಲ್ಲೇ ಸಿಕ್ಕಿಕೊಂಡಿರಬೇಕು. ಮೇಲೇರಿ ಮುಗಿಯಲಿಲ್ಲ, ಮರಳಿ ಇಳಿದು ಬೀಗವೂ ಬೀಳಲಿಲ್ಲ. ಇದು ನನ್ನ ತರ್ಕ. ಬೇರೆ ಯಾವ ಬಗೆಯಲ್ಲೂ ಆ ಎರಡು ಮಾತು ನನಗೆ ಕೂಡಿಬಂದಿಲ್ಲ.

ಈ ತರ್ಕ ಹಿಡಿದರೆ ಕೆಲವು ಕಾರಣಗಳು ತಾವಾಗಿ ಉದುರುತ್ತವೆ. ವಿಮಾನ ನೆಲದ ಮೇಲಿದ್ದಾಗ ಚಕ್ರ ಅಪ್ಪಿತಪ್ಪಿ ಮಡಚದಿರಲೆಂದು ಬೀಗದ ಪಿನ್ ಹಾಕುತ್ತಾರೆ. ಅದನ್ನು ತೆಗೆಯಲು ಮರೆತು ಹಾರಿದ ಘಟನೆಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ಪಿನ್ ಉಳಿದಿದ್ದರೆ ಚಕ್ರ ಅಲುಗದೆ ಕೆಳಗೇ ಇರುತ್ತಿತ್ತು, ಸಲೀಸಾಗಿ ಇಳಿಯಬಹುದಿತ್ತು. ಬರೀ ದೀಪವೋ ಸಂವೇದಕವೋ ಸುಳ್ಳು ಹೇಳಿದ್ದರೂ ಬಹುಮಟ್ಟಿಗೆ ಹಾಗೆಯೇ ಆಗುತ್ತಿತ್ತು. ಉಳಿಯುವುದು ಒಳಗಿನ ಸಂಗತಿಗಳು: ಸಿಲಿಂಡರಿನ ಸೀಲ್, ಎಣ್ಣೆಯ ದಾರಿಯ ವಾಲ್ವ್, ಬಾಗಿಲನ್ನು ಕಾಲಿಗೆ ಜೋಡಿಸುವ ಕೊಂಡಿಗಳು, ಅಥವಾ ಗಾಲಿ ನೆಟ್ಟಗೆ ತಿರುಗದೆ ಗೂಡಿನ ಅಂಚಿಗೆ ತಗುಲಿಕೊಳ್ಳುವುದು. ನೆಲ ಬಿಟ್ಟೊಡನೆ ಮುಂಗಾಲಿಯನ್ನು ನೇರ ದಿಕ್ಕಿಗೆ ತರುವ ಏರ್ಪಾಡೊಂದು ಕಾಲಿನೊಳಗೇ ಇರುತ್ತದೆ. ಅದು ಕೆಲಸ ಮಾಡದಿದ್ದರೆ ಓರೆಯಾದ ಗಾಲಿ ಕಿರಿದಾದ ಗೂಡಿನೊಳಗೆ ಹೋಗುವುದಿಲ್ಲ.

ಮೇಸ್ತ್ರಿ ಜೇಬಿನಿಂದ ಕರ್ಚೀಫು ಬಿಚ್ಚಿ ಟಿಪ್ಪರ್ ಸಿಲಿಂಡರಿನಿಂದ ತೆಗೆದ ಒಂದು ಹಳೆಯ ಸೀಲ್ ಮೇಜಿನ ಮೇಲಿಟ್ಟರು. ರಾಡ್ ಒಳಗೆ ಹೋಗುವಾಗ ಧೂಳು ಒರೆಸುವ ಸೀಲ್ ಅದು. ಅಂಚಿನ ತುಟಿ ಒಂದು ಕಡೆ ಅಕ್ಕಿಕಾಳಿನಷ್ಟು ಹರಿದಿತ್ತು, ಹರಿದ ಜಾಗದಲ್ಲಿ ಸಂಡೂರಿನ ಅದಿರಿನ ಧೂಳು ಎಣ್ಣೆಯೊಂದಿಗೆ ಕಲಸಿ ಕಾವಿಯಂತೆ ಗಟ್ಟಿಯಾಗಿತ್ತು. ಬೆರಳಲ್ಲಿ ಉಜ್ಜಿ ನೋಡಿ ಎಂದು ಹುಡುಗರಿಗೆ ಕೊಟ್ಟರು. ಗರಗರ ಎನ್ನುತ್ತದೆ. ಈ ಗರಗರವೇ ರಾಡಿನ ಮೇಲೆ ಗೀರು ಹಾಕುತ್ತದೆ, ಗೀರಿನಿಂದ ಎಣ್ಣೆ ಸೋರುತ್ತದೆ, ಸೋರಿದರೆ ಒತ್ತಡ ಕೂಡುವುದಿಲ್ಲ. ಪುಟ್ಟ ವಿಮಾನಗಳಲ್ಲಿ ಹೆಚ್ಚಾಗಿ ಬಳಸುವ ಖನಿಜ ಮೂಲದ ಹೈಡ್ರಾಲಿಕ್ ಎಣ್ಣೆಗೆ ಕೆಂಪು ಬಣ್ಣ ಹಾಕಿರುತ್ತಾರೆ ಎಂದು ನಾನು ಹೇಳಿದೆ. ಅವರು ನಕ್ಕರು. ಸೋರಿದ್ದು ಕಣ್ಣಿಗೆ ಬೀಳಲಿ ಎಂದು ಕೆಂಪು ಬಣ್ಣವಾದರೆ, ಸಂಡೂರಿನ ಕೆಂಧೂಳಿನಲ್ಲಿ ಆ ಜಾಣತನ ನಡೆಯುವುದಿಲ್ಲ ಎಂಬುದು ಅವರ ಟಿಪ್ಪಣಿ.

ಅರ್ಧಕ್ಕೆ ನಿಂತದ್ದು

ಗಣಿ ಸೀಮೆಯ ಗ್ಯಾರೇಜುಗಳಲ್ಲಿ ಒಂದು ಕಟ್ಟುನಿಟ್ಟಿದೆ. ಟಿಪ್ಪರಿನ ಡಬ್ಬಿ ಅರ್ಧಕ್ಕೆ ಎದ್ದು ನಿಂತರೆ, ಎಷ್ಟೇ ಗಟ್ಟಿಯಾಗಿ ನಿಂತಂತೆ ಕಂಡರೂ, ಊರುಗಂಬ ಕೊಡದೆ ಕೆಳಗೆ ಯಾರೂ ತಲೆ ಹಾಕಬಾರದು. ಪೂರ್ತಿ ಇಳಿದ ಡಬ್ಬಿ ಅಪಾಯವಲ್ಲ. ನಡುವೆ ನಿಂತದ್ದು ಯಾವ ಕ್ಷಣದಲ್ಲಾದರೂ ಮನಸ್ಸು ಬದಲಿಸುತ್ತದೆ. ಮುಂಚಕ್ರದ ವಿಷಯದಲ್ಲಿ ಪೈಲಟ್ ಎದುರಿಸುವುದೂ ಇದೇ ಪ್ರಶ್ನೆ. ಚಕ್ರ ಕೆಳಗೆ ಕಾಣುತ್ತಿದೆ, ಹಸಿರು ದೀಪ ಇಲ್ಲ. ನಂಬಬೇಕೇ?

ನಂಬಬಾರದು. ಇಲ್ಲವೆಂದೇ ಲೆಕ್ಕ ಹಾಕಬೇಕು. ಹಾಗೆ ಲೆಕ್ಕ ಹಾಕಿ ಇಳಿದಾಗ ಚಕ್ರ ನಿಂತಿತೋ, ಲಾಭ. ಮಡಚಿಕೊಂಡಿತೋ, ಅದಕ್ಕೆ ಸಿದ್ಧತೆ ಆಗಿಯೇ ಇದೆ.

ಹಾಗೆಂದು ಕೆಂಪು ದೀಪ ಕಂಡ ಕೂಡಲೇ ಇಳಿಯಲು ಓಡುವುದಲ್ಲ. ಲಿವರ್ ಕೆಳಗೆ ಹಾಕಿ ನೋಡುವುದು, ತುರ್ತು ಏರ್ಪಾಡಿನಿಂದ ಇಳಿಸಲು ಯತ್ನಿಸುವುದು ಎಲ್ಲವೂ ಕೈಪಿಡಿಯ ಕ್ರಮದಲ್ಲಿ ನಡೆಯಬೇಕು. ತುರ್ತು ಏರ್ಪಾಡು ವಿಮಾನದ ಮಾದರಿಗೆ ತಕ್ಕಂತೆ ಬೇರೆ ಬೇರೆ. ಕೆಲವದರಲ್ಲಿ ಕೊಕ್ಕೆ ಬಿಟ್ಟರೆ ಚಕ್ರ ತನ್ನ ಭಾರಕ್ಕೇ ಬೀಳುತ್ತದೆ, ಕೆಲವದರಲ್ಲಿ ಕೈಪಂಪು, ಕೆಲವದರಲ್ಲಿ ಸೀಸೆಯಲ್ಲಿ ತುಂಬಿಟ್ಟ ನೈಟ್ರೋಜನ್ ಒತ್ತಡ. ನಿಯಂತ್ರಣ ಗೋಪುರದ ಮುಂದೆ ತಗ್ಗಿನಲ್ಲಿ ಹಾದು, ಕೆಳಗಿದ್ದವರಿಗೆ ದುರ್ಬೀನಿನಲ್ಲಿ ನೋಡಿಸುವುದೂ ಉಂಟು. ಚಕ್ರ ಎಲ್ಲಿದೆ ಎಂದು ಅವರು ಹೇಳಬಲ್ಲರು. ಬೀಗ ಬಿದ್ದಿದೆಯೇ ಎಂದು ಹೇಳಲಾರರು.

ಇಲ್ಲಿ ಹುಡುಗರಿಗೆ ಎರಡು ಹಳೆಯ ದುರಂತಗಳನ್ನು ಹೇಳಿದೆ. 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನ ಮಯಾಮಿಯ ಹತ್ತಿರ ಬಂದಾಗ ಮುಂಚಕ್ರದ ಹಸಿರು ದೀಪ ಹೊತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ದೀಪದ ಹಿಂದೆ ಬಿದ್ದರು. ಆಟೊ ಪೈಲಟ್ ಎತ್ತರ ಹಿಡಿಯುವುದನ್ನು ಬಿಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ. ವಿಮಾನ ನಿಧಾನವಾಗಿ ಕೆಳಗಿಳಿಯುತ್ತ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು, 101 ಮಂದಿ ಸತ್ತರು. ಸುಟ್ಟಿದ್ದದ್ದು ಬಲ್ಬು. ಚಕ್ರಕ್ಕೆ ಏನೂ ಆಗಿರಲಿಲ್ಲ. 1978ರ ಡಿಸೆಂಬರ್ 28ರಂದು ಯುನೈಟೆಡ್‌ನ 173ನೇ ವಿಮಾನ ಪೋರ್ಟ್‌ಲ್ಯಾಂಡ್ ಬಳಿ ಚಕ್ರದ ತೊಂದರೆ ಪರೀಕ್ಷಿಸುತ್ತ ಸುಮಾರು ಒಂದು ಗಂಟೆ ಸುತ್ತಿ, ಇಂಧನ ಖಾಲಿಯಾಗಿ ಊರಂಚಿನಲ್ಲಿ ಬಿತ್ತು. ಅದರಲ್ಲಿದ್ದ 189 ಮಂದಿಯಲ್ಲಿ 10 ಮಂದಿ ಸತ್ತರು. ಇಂಧನ ಮುಗಿಯುತ್ತಿದೆ ಎಂಬ ಅರಿವಿದ್ದವರು ಕ್ಯಾಪ್ಟನ್‌ಗೆ ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಕಾಕ್‌ಪಿಟ್‌ನಲ್ಲಿ ಕಿರಿಯರು ಹಿರಿಯರಿಗೆ ಮುಲಾಜಿಲ್ಲದೆ ಹೇಳಬೇಕು, ಹಿರಿಯರು ಕೇಳಬೇಕು ಎಂಬ ತರಬೇತಿ ಲೋಕದಾದ್ಯಂತ ಬೇರೂರಿದ್ದಕ್ಕೆ ಈ ಅಪಘಾತ ದೊಡ್ಡ ಕಾರಣ. ‘ಮೇಸ್ತ್ರಿ ಮುಂದೆ ಮಾತಾಡಬಾರದು’ ಎಂದು ಕಲಿತು ಬರುವ ನಮ್ಮ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕಾಯಿತು. ಪಕ್ಕದಲ್ಲಿ ಕುಳಿತಿದ್ದ ಮೇಸ್ತ್ರಿ ಬೇಸರಿಸಿಕೊಳ್ಳಲಿಲ್ಲ.

ಎಲ್ಲಿ ಇಳಿಯುವುದು

ಮುಂಚಕ್ರ ಕೆಟ್ಟ ವಿಮಾನಕ್ಕೆ ಹೊತ್ತಿದೆ. ಎಂಜಿನ್ ಚೆನ್ನಾಗಿದೆ, ರೆಕ್ಕೆ ಚೆನ್ನಾಗಿದೆ, ಇಂಧನ ಇರುವಷ್ಟು ಕಾಲ ಹಾರಬಹುದು. ಬೆಂಕಿ ಬಿದ್ದ ವಿಮಾನ ಹತ್ತಿರದ ರನ್‌ವೇ ಹುಡುಕಬೇಕು. ಚಕ್ರ ಕೆಟ್ಟದ್ದು ಒಳ್ಳೆಯ ರನ್‌ವೇ ಹುಡುಕಬೇಕು. ‘ತುರ್ತು ಭೂಸ್ಪರ್ಶ’ ಎಂಬ ಒಂದೇ ಮಾತಿನಡಿ ಎರಡನ್ನೂ ತುರುಕುವುದರಿಂದ ಈ ವ್ಯತ್ಯಾಸ ಕಣ್ಮರೆಯಾಗುತ್ತದೆ.

2005ರ ಸೆಪ್ಟೆಂಬರ್ 21ರಂದು ಜೆಟ್‌ಬ್ಲೂ ಸಂಸ್ಥೆಯ ಏರ್‌ಬಸ್ ಎ320 ಒಂದರ ಮುಂಗಾಲಿಗಳು 90 ಡಿಗ್ರಿ ಅಡ್ಡ ತಿರುಗಿ ನಿಂತವು. ಅದು ಬರ್ಬ್ಯಾಂಕ್‌ನಿಂದ ಹೊರಟ ವಿಮಾನ. ಇಳಿದದ್ದು ಉದ್ದ ರನ್‌ವೇ ಇರುವ ಲಾಸ್ ಏಂಜಲೀಸ್‌ನಲ್ಲಿ, ಅದೂ ಸುಮಾರು ಮೂರು ಗಂಟೆ ಸುತ್ತಿ ಇಂಧನ ಸುಟ್ಟ ಮೇಲೆ. ಆ ಮಾದರಿಯಲ್ಲಿ ಇಂಧನವನ್ನು ಗಾಳಿಯಲ್ಲೇ ಚೆಲ್ಲುವ ಏರ್ಪಾಡಿಲ್ಲ, ಪುಟ್ಟ ಜೆಟ್‌ಗಳಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಸುತ್ತಿ ಸುಡಬೇಕು. ಅಡ್ಡ ನಿಂತ ಟೈರುಗಳು ಉಜ್ಜಿ ಹರಿದು ಬೆಂಕಿ ಕಾರಿದವು. ಒಳಗಿದ್ದ 146 ಮಂದಿಯಲ್ಲಿ ಯಾರಿಗೂ ಗಾಯವಾಗಲಿಲ್ಲ.

ಇಂಧನ ಸುಡುವುದರ ಲಾಭವನ್ನು ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದೆ. ಓಡುವ ವಸ್ತುವಿನ ಶಕ್ತಿ ಅದರ ತೂಕಕ್ಕೂ ವೇಗದ ವರ್ಗಕ್ಕೂ ತಕ್ಕಂತೆ ಏರುತ್ತದೆ. ಇಳಿಯುವಾಗ ಇರಬೇಕಾದ ಕನಿಷ್ಠ ವೇಗದ ವರ್ಗವೂ ತೂಕಕ್ಕೆ ತಕ್ಕಂತೆಯೇ ಏರುತ್ತದೆ. ಅಂದರೆ ಒಟ್ಟಿನಲ್ಲಿ ಶಕ್ತಿ ಏರುವುದು ತೂಕದ ವರ್ಗಕ್ಕೆ. ತೂಕವನ್ನು ಶೇ 10 ಇಳಿಸಿದರೆ ಶಕ್ತಿ ಶೇ 19 ಇಳಿಯಿತು. ತನ್ನ ತೂಕವೂ ಸೇರಿ ಪ್ರೀಮಿಯರ್ 1ಎ ನೆಲ ಬಿಟ್ಟು ಏರಬಹುದಾದ ಗರಿಷ್ಠ ಒಟ್ಟು ತೂಕ 5,670 ಕೆ.ಜಿ.; ಅದಿರು ತುಂಬಿದ ಒಂದು ಟಿಪ್ಪರಿಗಿಂತ ಎಷ್ಟೋ ಹಗುರ. ಆದರೂ ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಐದು ಟನ್ ಎಂದರೆ ಸುಮಾರು 77 ಲಕ್ಷ ಜೂಲ್. ಇಷ್ಟನ್ನೂ ಬ್ರೇಕು, ಗಾಳಿ ಮತ್ತು ಮೂಗಿನ ಉಜ್ಜಾಟ ಸೇರಿ ತಿನ್ನಬೇಕು.

ಎಚ್‌ಎಎಲ್‌ಗೆ ಮರಳಿದ್ದು ಸರಿಯೇ, ದೇವನಹಳ್ಳಿಗೆ ಹೋಗಬೇಕಿತ್ತೇ? ತರಗತಿ ಎರಡು ಪಾಲಾಯಿತು. ದೇವನಹಳ್ಳಿಯ ಪರ ನಿಂತವರ ವಾದ, ಅಲ್ಲಿ ಎರಡು ರನ್‌ವೇ ಇವೆ, ಒಂದೊಂದೂ ನಾಲ್ಕು ಕಿಲೋಮೀಟರ್ ಉದ್ದ. ನಾನು ಎಚ್‌ಎಎಲ್ ಪರ. ಅಲ್ಲಿನ ರನ್‌ವೇಯೂ ಮೂರು ಕಿಲೋಮೀಟರಿಗಿಂತ ಉದ್ದ, ಪುಟ್ಟ ಜೆಟ್‌ಗೆ ಧಾರಾಳ. 2008ರಲ್ಲಿ ಪ್ರಯಾಣಿಕ ವಿಮಾನಗಳ ಓಡಾಟ ದೇವನಹಳ್ಳಿಗೆ ಹೋದ ಮೇಲೆ ಎಚ್‌ಎಎಲ್‌ನಲ್ಲಿ ಸಂದಣಿ ಕಡಿಮೆ. ಮೂಗೂರಿ ನಿಂತ ವಿಮಾನ ತನ್ನ ಕಾಲ ಮೇಲೆ ಆಚೆ ಹೋಗದು, ರನ್‌ವೇಯ ನಡುವೆಯೇ ಕೂರುತ್ತದೆ. ದೇವನಹಳ್ಳಿಯಲ್ಲಿ ಅದು ಕುಳಿತರೆ ಆಕಾಶದಲ್ಲಿ ಸಾಲುಗಟ್ಟಿದ ಎಷ್ಟೋ ವಿಮಾನಗಳಿಗೆ ತೊಂದರೆ. ಜತೆಗೆ ಎಚ್‌ಎಎಲ್ ಹೇಳಿ ಕೇಳಿ ವಿಮಾನ ತಯಾರಕರ, ಪರೀಕ್ಷಾ ಪೈಲಟ್‌ಗಳ ಅಂಗಳ. ಎಡವಟ್ಟು ವಿಮಾನಗಳನ್ನು ಕಾಣುವುದು ಅಲ್ಲಿಗೆ ಹೊಸದಲ್ಲ.

ಇಳಿದ ಬಗೆ

ಇಳಿಯುವ ಆ ಅರ್ಧ ನಿಮಿಷದಲ್ಲಿ ಪೈಲಟ್ ಮಾಡಬೇಕಾದ್ದು ಹೆಚ್ಚೇನಿಲ್ಲ, ಆದರೆ ಮಾಡುವುದೆಲ್ಲ ನಯವಾಗಿರಬೇಕು. ಹಿಂದಿನ ಎರಡು ಚಕ್ರ ನೆಲ ಮುಟ್ಟುತ್ತವೆ. ಕಂಟ್ರೋಲನ್ನು ತನ್ನತ್ತ ಎಳೆದು ಹಿಡಿದಿದ್ದಾನೆ, ಮೂಗು ಗಾಳಿಯಲ್ಲೇ ಇದೆ. ಬಾಲದ ಮೇಲಿನ ಎಲಿವೇಟರ್ ಎಂಬ ಅಡ್ಡ ಫಲಕ ಮೂಗನ್ನು ಎತ್ತಿ ಹಿಡಿದಿರುವುದು ಗಾಳಿಯ ವೇಗದಿಂದ. ವೇಗ ಇಳಿದಂತೆ ಅದರ ಬಲ ಕರಗುತ್ತದೆ. ಬಲ ಪೂರ್ತಿ ಕರಗುವ ತನಕ ಕಾದರೆ ಮೂಗು ಧೊಪ್ಪೆಂದು ಬೀಳುತ್ತದೆ. ಸ್ವಲ್ಪ ಬಲ ಉಳಿದಿರುವಾಗಲೇ ತಾನಾಗಿ ಇಳಿಸಬೇಕು. ಬ್ರೇಕು ಒತ್ತಿದರೆ ಮೂಗು ಬೇಗ ತಗ್ಗುತ್ತದೆ, ಆದ್ದರಿಂದ ಮೊದಲ ಹಂತದಲ್ಲಿ ಬ್ರೇಕಿನ ಮೇಲೆ ಕಾಲು ಹಗುರ. ಮುಂಗಾಲಿ ಇಲ್ಲದ ಮೇಲೆ ತಿರುಗಿಸಲು ಸ್ಟಿಯರಿಂಗ್ ಇಲ್ಲ. ವೇಗವಿರುವಾಗ ಬಾಲದ ಮೇಲೆ ನೆಟ್ಟಗೆ ನಿಂತ ದಿಕ್ಕಿನ ಫಲಕ, ಅಂದರೆ ರಡ್ಡರ್, ಆಮೇಲೆ ಎಡಬಲದ ಬ್ರೇಕುಗಳನ್ನು ಹೆಚ್ಚುಕಡಿಮೆ ಒತ್ತುವುದು. ಅಡ್ಡಗಾಳಿ ಬೀಸಿದರೆ ಇದೇ ಕೆಲಸ ಎರಡು ಪಟ್ಟು ಕಷ್ಟ.

ಈ ವಿಮಾನದ ಮೈಕಟ್ಟು ಕೂಡ ಕೈಹಿಡಿಯುವಂಥದ್ದು. ಎರಡೂ ಎಂಜಿನ್‌ಗಳು ಬಾಲದ ಕಡೆ, ಒಡಲಿನ ಎರಡು ಬದಿಗೆ ಎತ್ತರದಲ್ಲಿವೆ. ಮೂಗು ತಗ್ಗಿದರೆ ಅವು ಇನ್ನೂ ಮೇಲೇಳುತ್ತವೆ. ಇಂಧನ ಇರುವುದು ರೆಕ್ಕೆಗಳಲ್ಲಿ, ರೆಕ್ಕೆಗಳು ಗಟ್ಟಿ ಚಕ್ರಗಳ ಮೇಲೆ ನಿಂತಿವೆ. ಉಜ್ಜುವ ಜಾಗಕ್ಕೂ ಇಂಧನಕ್ಕೂ ನಡುವೆ ದೂರವಿದೆ. ಒಡಲು ಕಾರ್ಬನ್ ನಾರಿನ ಮಿಶ್ರಣದ್ದು, ಹಾಗಾಗಿ ಲೋಹದಷ್ಟು ಕಿಡಿ ಹಾರುವುದಿಲ್ಲ. ಆದರೆ ಹೊತ್ತಿಕೊಂಡರೆ ಬರುವ ಹೊಗೆ, ನಾರಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಅಗ್ನಿಶಾಮಕರು ಉಸಿರಾಟದ ಉಪಕರಣ ತೊಟ್ಟೇ ಹತ್ತಿರ ಹೋಗಬೇಕು. ಪ್ರಯಾಣಿಕರ ಬಾಗಿಲು ಮುಂಭಾಗದ ಎಡಕ್ಕಿದೆ. ಮೂಗು ಊರಿದ ಮೇಲೆ ಅದರ ಹೊಸ್ತಿಲು ನೆಲಕ್ಕೆ ಹತ್ತಿರವಾಗುತ್ತದೆ, ಇಳಿಯುವುದು ಇನ್ನೂ ಸಲೀಸು.

ಕೆಟ್ಟದ್ದು ಹಿಂದಿನ ಚಕ್ರವಾಗಿದ್ದರೆ ಕತೆಯೇ ಬೇರೆ. ಒಂದು ರೆಕ್ಕೆ ಕೆಳಗಿಳಿದು ವಿಮಾನ ಆ ಕಡೆ ಎಳೆಯುತ್ತದೆ. 2021ರ ಮೇ 6ರಂದು ನಾಗಪುರದಿಂದ ರೋಗಿಯೊಬ್ಬರನ್ನು ಹೊತ್ತು ಏರಿದ ಬೀಚ್‌ಕ್ರಾಫ್ಟ್ ಏರ್ ಆಂಬುಲೆನ್ಸ್‌ನ ಚಕ್ರವೊಂದು ನೆಲದಲ್ಲೇ ಕಳಚಿ ಉಳಿಯಿತು. ಅದು ಮುಂಬಯಿಯಲ್ಲಿ ಹೊಟ್ಟೆಯ ಮೇಲೆ ಇಳಿಯಿತು. ಇದ್ದ ಚಕ್ರಗಳನ್ನು ಬಿಟ್ಟುಕೊಟ್ಟು ಸಮತಟ್ಟಾಗಿ ಕೂರುವ ಆಯ್ಕೆ. ಪೈಲಟ್‌ಗಳು, ವೈದ್ಯರು, ರೋಗಿ, ಸಂಬಂಧಿ ಸೇರಿ ಐವರೂ ಉಳಿದರು.

ಅಲ್ಲಿ ರನ್‌ವೇ ಮೇಲೆ ನೊರೆ ಹಾಸಿದ್ದರು. ಹಿಂದೆ ಇದು ವಾಡಿಕೆ. ಈಗ ಎಲ್ಲ ಕಡೆ ಮೊದಲ ಸಲಹೆಯಾಗಿ ಉಳಿದಿಲ್ಲ. ವಿಮಾನ ಎಲ್ಲಿ ನೆಲ ಮುಟ್ಟುತ್ತದೆ ಎಂದು ಮೊದಲೇ ಖಚಿತವಾಗಿ ಹೇಳಲಾಗದು, ಒದ್ದೆ ನೆಲದಲ್ಲಿ ಬ್ರೇಕು ಕಚ್ಚುವುದಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಬೆಂಕಿ ಬಿದ್ದಾಗ ಬೇಕಾಗುವ ನೊರೆ ನೆಲದ ಪಾಲಾಗುತ್ತದೆ.

ತೋರಣಗಲ್ಲಿನಲ್ಲಾದರೆ?

ಹುಡುಗರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ ಎಂದು ಗೊತ್ತಿತ್ತು. ಬಳ್ಳಾರಿ ಜಿಲ್ಲೆಗೆ ಓಡಾಡುವ ವಿಮಾನ ನಿಲ್ದಾಣ ಎಂದರೆ ತೋರಣಗಲ್ಲಿನ ಜಿಂದಾಲ್ ವಿಜಯನಗರ ನಿಲ್ದಾಣ. ಉಕ್ಕಿನ ಕಾರ್ಖಾನೆಗಾಗಿ ಕಟ್ಟಿದ್ದು. ಉಡಾನ್ ಯೋಜನೆಯಡಿ 2017ರಲ್ಲಿ ಸಾರ್ವಜನಿಕರ ವಿಮಾನಗಳೂ ಬಂದವು. ಕೊಪ್ಪಳದ ಗಿಣಿಗೇರಾದಲ್ಲಿ ಖಾಸಗಿ ಕಂಪನಿಯೊಂದರ ಏರ್‌ಸ್ಟ್ರಿಪ್ ಇದೆ. ರಾಯಚೂರಿಗೆ ಯರಮರಸ್ ಬಳಿ ನಿಲ್ದಾಣ ಕಟ್ಟುವ ಕೆಲಸ ನಡೆದಿದೆ. ಬಳ್ಳಾರಿಗೇ ಎಂದು ಚಾಗನೂರು, ಸಿರಿವಾರದ ನೀರಾವರಿ ಭೂಮಿಯಲ್ಲಿ ನಿಲ್ದಾಣ ಮಾಡಹೊರಟದ್ದೂ, ರೈತರು ಎದ್ದು ನಿಂತದ್ದೂ ಇಲ್ಲಿನವರಿಗೆಲ್ಲ ಗೊತ್ತಿರುವ ಕತೆ.

ತೋರಣಗಲ್ಲಿನಿಂದ ಏರಿದ ಪುಟ್ಟ ಜೆಟ್ ಒಂದರ ಮುಂಚಕ್ರ ಹೀಗೆ ಸಿಕ್ಕಿಕೊಂಡರೆ ಎಲ್ಲಿ ಇಳಿಯಬೇಕು? ಸಂಡೂರಿನ ಹುಡುಗರು ಒಕ್ಕೊರಲಿನಿಂದ ತೋರಣಗಲ್ಲೇ ಎಂದರು. ಊರಿನ ಅಭಿಮಾನ, ತಪ್ಪೇನಿಲ್ಲ. ಆದರೆ ನನ್ನ ಉತ್ತರ ಬೇರೆ. ಇಂಧನ ಇದೆ, ಹವಾಮಾನ ಚೆನ್ನಾಗಿದೆ ಎಂದಾದರೆ ಹೈದರಾಬಾದ್ ಅಥವಾ ಬೆಂಗಳೂರಿಗೆ ಹೋಗಬೇಕು. ಉದ್ದ ರನ್‌ವೇ, ಹೆಚ್ಚು ಅಗ್ನಿಶಾಮಕ ವಾಹನಗಳು, ಹತ್ತಿರದಲ್ಲೇ ದೊಡ್ಡ ಆಸ್ಪತ್ರೆಗಳು ಅಲ್ಲಿವೆ. ನಿಲ್ದಾಣವೊಂದರಲ್ಲಿ ಎಷ್ಟು ಅಗ್ನಿಶಾಮಕ ಬಲ ಇರಬೇಕು ಎಂಬುದನ್ನು ಅಲ್ಲಿಗೆ ಬರುವ ವಿಮಾನಗಳ ಉದ್ದ, ಒಡಲಿನ ಅಗಲ ನೋಡಿ ನಿಗದಿ ಮಾಡುತ್ತಾರೆ. ದೊಡ್ಡ ವಿಮಾನ ಬರುವಲ್ಲಿ ಸಹಜವಾಗಿಯೇ ಬಲ ಹೆಚ್ಚು. ಹೋಗುವ ದಾರಿಯಲ್ಲಿ ಇಂಧನವೂ ಸುಡುತ್ತದೆ, ಕೈಪಿಡಿಯನ್ನು ಎರಡು ಸಲ ಓದಲು ಹೊತ್ತೂ ಸಿಗುತ್ತದೆ.

ರನ್‌ವೇಯ ತುದಿಯಾಚೆ ಏನಿದೆ ಎಂಬುದನ್ನೂ ಕೇಳಬೇಕು. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುಆನ್‌ನಲ್ಲಿ ಜೆಜು ಏರ್‌ನ ಬೋಯಿಂಗ್ 737 ಚಕ್ರಗಳಿಲ್ಲದೆ ಹೊಟ್ಟೆಯ ಮೇಲೆ ಇಳಿಯಿತು. ಇಳಿದ ಮೇಲೂ ಒಡಲು ಒಡೆದಿರಲಿಲ್ಲ. ರನ್‌ವೇ ದಾಟಿ ಜಾರಿ, ಆಂಟೆನಾ ನಿಲ್ಲಿಸಲು ಕಾಂಕ್ರೀಟ್ ಹಾಕಿ ಕಟ್ಟಿದ್ದ ದಿಬ್ಬಕ್ಕೆ ಬಡಿದು ಸಿಡಿಯಿತು. 181 ಮಂದಿಯಲ್ಲಿ ಬದುಕಿದವರು ಇಬ್ಬರೇ. ಈ ಭಾಗದಲ್ಲಿ ಇನ್ನು ಮುಂದೆ ಕಟ್ಟುವ ಯಾವುದೇ ನಿಲ್ದಾಣದ ವಿಷಯದಲ್ಲಿ ಟರ್ಮಿನಲ್ಲಿನ ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಎತ್ತುವ ಕೆಲಸ

ವಿಮಾನ ನಿಂತಿತು, ಎಂಜಿನ್ ಆರಿಸಿದರು, ಇಳಿದವರು ದೂರ ಹೋದರು. ಸುದ್ದಿವಾಹಿನಿಗೆ ಕತೆ ಇಲ್ಲಿಗೆ ಮುಗಿಯಿತು. ಮೇಸ್ತ್ರಿಗೆ ಇಲ್ಲಿಂದ ಶುರು. ಮೂಗೂರಿದ ಐದು ಟನ್ ವಿಮಾನವನ್ನು ಎತ್ತುವುದು ಹೇಗೆ? ಒಡಲಿನಡಿ ಗಾಳಿಚೀಲ ಇಟ್ಟು ಉಬ್ಬಿಸುತ್ತಾರೆ, ಇಲ್ಲವೇ ಕ್ರೇನಿನಿಂದ ಅಗಲ ಪಟ್ಟಿ ಹಾಕಿ ಮೂಗೆತ್ತಿ, ಕೆಳಗೆ ಗಾಲಿಬಂಡಿ ತಳ್ಳುತ್ತಾರೆ. “ಕ್ರೇನಿಗೆ ತೋರಣಗಲ್ಲಿನಲ್ಲಿ ಬರವಿಲ್ಲ” ಎಂದರು ಮೇಸ್ತ್ರಿ. ನಿಜವೇ, ಆದರೆ ಉಕ್ಕಿನ ತೊಲೆ ಎತ್ತುವ ಸರಪಳಿಯನ್ನು ಕಾರ್ಬನ್ ನಾರಿನ ಒಡಲಿಗೆ ಹಾಕಿದರೆ ಚಕ್ರಕ್ಕಿಂತ ದೊಡ್ಡ ದುರಸ್ತಿ ಕೈಗೆ ಬರುತ್ತದೆ.

ಪಟ್ಟಿ ಹಾಕುವುದಕ್ಕೂ ಮೊದಲು ಅನುಮತಿ ಬೇಕು. ನಮ್ಮ ದೇಶದಲ್ಲಿ ಇಂಥ ತನಿಖೆ ವಿಮಾನ ಅಪಘಾತ ತನಿಖಾ ಮಂಡಳಿಯ ವ್ಯಾಪ್ತಿಯದು. ಜೀವ ಉಳಿಸುವಂಥ ಕೆಲಸ ಬಿಟ್ಟರೆ ಅನುಮತಿ ಇಲ್ಲದೆ ವಿಮಾನವನ್ನು ಕದಲಿಸುವಂತಿಲ್ಲ. ಇದರ ಕಾರಣ ಹುಡುಗರಿಗೆ ತಟ್ಟಲಿ ಎಂದು ವಾರ್ಸಾದ ಪ್ರಕರಣ ಹೇಳಿದೆ. 2011ರ ನವೆಂಬರ್ 1ರಂದು ಪೋಲೆಂಡಿನ ಲಾಟ್ ಸಂಸ್ಥೆಯ ಬೋಯಿಂಗ್ 767 ಒಂದು 231 ಮಂದಿಯನ್ನು ಹೊತ್ತು ಹೊಟ್ಟೆಯ ಮೇಲೆ ಇಳಿಯಿತು. ಹೈಡ್ರಾಲಿಕ್ ವ್ಯವಸ್ಥೆಯೊಂದು ಹಾರಿದ ಸ್ವಲ್ಪ ಹೊತ್ತಿಗೇ ಕೈಕೊಟ್ಟಿತ್ತು, ವಿದ್ಯುತ್ತಿನಿಂದ ಚಕ್ರ ಇಳಿಸುವ ಬದಲಿ ಏರ್ಪಾಡೂ ಕೆಲಸ ಮಾಡಿರಲಿಲ್ಲ. ಯಾರಿಗೂ ಗಾಯವಿಲ್ಲ. ಆಮೇಲೆ ನೋಡಿದರೆ ಕಾಕ್‌ಪಿಟ್‌ನ ಫಲಕದಲ್ಲಿ ವಿದ್ಯುತ್ ಹರಿವನ್ನು ಕಡಿಯುವ ಗುಂಡಿಯೊಂದು, ಅಂದರೆ ಸರ್ಕ್ಯೂಟ್ ಬ್ರೇಕರ್, ಹೊರಗೆ ನೆಗೆದಿತ್ತು. ವಿಮಾನವನ್ನು ಎತ್ತಿ ಹಿಡಿದು ಆ ಬ್ರೇಕರನ್ನು ಒತ್ತಿ ಇಳಿಸಿದಾಗ ಚಕ್ರಗಳು ಇಳಿದವು.

ತರಗತಿಯಲ್ಲಿ ನಗೆ ಎದ್ದಿತು. ಮೇಸ್ತ್ರಿ ನಗಲಿಲ್ಲ, ಬೋರ್ಡಿನ ಬಳಿ ಬಂದು ನಾನು ಬರೆದಿದ್ದ ಊರುದಂಡದ ಚಿತ್ರದ ಕೀಲನ್ನು ತೋರಿಸಿದರು. “ಎತ್ತುವ ಮುಂಚೆ ಗೂಡಿನೊಳಗೆ ಲೈಟು ಬಿಟ್ಟು ಈ ಕೀಲು ಯಾವ ಕೋನದಲ್ಲಿ ನಿಂತಿದೆ ಎಂದು ಫೋಟೊ ತೆಗೆಯಬೇಕು ತಮ್ಮಾ. ಎಣ್ಣೆಯ ಡಬ್ಬಿಯ ಮಟ್ಟ ಗುರುತು ಹಾಕಿಕೊಳ್ಳಬೇಕು, ಲಿವರ್ ಎಲ್ಲಿದೆ ನೋಡಬೇಕು. ಎತ್ತಿದ ಕೂಡಲೇ ಚಕ್ರ ತಾನಾಗಿಯೇ ಇಳಿದು ಬೀಗ ಬಿದ್ದುಬಿಟ್ಟರೆ ಆಮೇಲೆ ಸಾಹೇಬರಿಗೆ ಏನು ತೋರಿಸುತ್ತೀರಿ?”